ಒಂದೂ ಮುಕ್ಕಾಲು ಕಿಲೊ ಮಗು ಮನೆಗೆ ಬಂದಾಗ

‘ನಾಳೆ ಮನೆಗೆ ಕರ್ಕೊಂಡು ಹೋಗಬಹುದು’ ಎಂದು ಆಸ್ಪತ್ರೆಯವರು ಹೇಳಿದ್ದೇ ತಡ, ತವರಿನಲ್ಲಿ ಬಾಣಂತಿ ಕೋಣೆ ಸಜ್ಜಾಗುತ್ತದೆ. ಅಟ್ಟದ ಮೇಲಿದ್ದ ತೊಟ್ಟಿಲು ಕೆಳಗಿಳಿಯುತ್ತದೆ, ಬಂಧುಬಳಗಕ್ಕೆ ಫೋನು ಹೋಗುತ್ತದೆ. ಎಲ್ಲರ ಬಾಯಲ್ಲೂ ಒಂದೇ ಮಾತು: ‘ಸದ್ಯ, ಗಂಡಾಂತರ ಕಳೀತು.’ ದಿನ ತುಂಬದೆ ಹುಟ್ಟಿ, ವಾರಗಟ್ಟಲೆ ಎನ್‌ಐಸಿಯುವಿನ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಗಾಜಿನ ಪೆಟ್ಟಿಗೆಯೊಳಗಿದ್ದ ಮಗುವಿನ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ.

ಮಗುವನ್ನು ಮನೆಗೆ ಕಳಿಸುವಾಗ ವೈದ್ಯರು ನೋಡುವುದು ಕೆಲವೇ ಸಂಗತಿಗಳನ್ನು. ಕೆಲವು ದಿನಗಳಿಂದ ತೂಕ ಬಿಡದೆ ಏರುತ್ತಿರಬೇಕು. ಮೂಗಿನ ನಳಿಕೆಯಿಲ್ಲದೆ ಅಷ್ಟೂ ಹಾಲನ್ನು ಬಾಯಿಂದಲೇ ಕುಡಿಯಬೇಕು. ವಾರ್ಮರ್ ಇಲ್ಲದಿದ್ದರೂ ಮೈ ಬೆಚ್ಚಗಿರಬೇಕು. ನಡುನಡುವೆ ಉಸಿರು ನಿಲ್ಲಿಸುತ್ತಿದ್ದ ಮಗುವಾದರೆ, ಹಾಗೆ ಮಾಡದೆ ಐದರಿಂದ ಏಳು ದಿನವಾದರೂ ಕಳೆದಿರಬೇಕು. ನಮ್ಮ ಬಹಳಷ್ಟು ಆಸ್ಪತ್ರೆಗಳಲ್ಲಿ ಇವೆಲ್ಲ ಕೂಡಿಬರುವಾಗ ಮಗುವಿನ ತೂಕ 1,600ರಿಂದ 1,800 ಗ್ರಾಂ ಆಸುಪಾಸಿನಲ್ಲಿರುತ್ತದೆ. ಎಷ್ಟೋ ಮಕ್ಕಳು ಮನೆಗೆ ಬಂದಾಗ, ಅವು ಹುಟ್ಟಬೇಕಿದ್ದ ತಾರೀಖು ಇನ್ನೂ ಮುಂದೆ ಇರುತ್ತದೆ. ಅಂದರೆ ಆಸ್ಪತ್ರೆ ಕಳಿಸಿಕೊಡುವುದು ಆರೈಕೆ ಮುಗಿದ ಮಗುವನ್ನಲ್ಲ. ಮಿಕ್ಕ ಆರೈಕೆಯನ್ನು ಇನ್ನು ಮನೆಯವರೇ ಮಾಡಬಹುದು ಎನ್ನುವ ಹಂತ ಮುಟ್ಟಿದ ಮಗುವನ್ನು.

ತೊಡಕಿರುವುದು ಇಲ್ಲಿಯೇ. ಆ ಆರೈಕೆಯನ್ನು ನರ್ಸ್ ಪಕ್ಕದಲ್ಲಿ ನಿಂತು ಕಲಿತವಳು ತಾಯಿ. ಮನೆಯಲ್ಲಿ ಬಾಣಂತನದ ಯಜಮಾನಿಕೆ ಅಜ್ಜಿಯದು. ಆ ಅಜ್ಜಿ ಅಷ್ಟೂ ವಾರ ವಾರ್ಡಿನ ಬಾಗಿಲಾಚೆ ಊಟದ ಬುತ್ತಿ ಹಿಡಿದು ಕೂತಿದ್ದವರು; ಅವರಿಗೆ ಒಳಗೆ ನಡೆದದ್ದನ್ನು ತೋರಿಸಿದವರೂ ಇಲ್ಲ, ಹೇಳಿದವರೂ ಇಲ್ಲ. ವಾರಗಟ್ಟಲೆಯ ಸುಸ್ತಿನಲ್ಲಿರುವ ಇಪ್ಪತ್ತೆರಡರ ಹುಡುಗಿ ‘ಡಾಕ್ಟ್ರು ಸ್ನಾನ ಬೇಡ ಅಂದಿದ್ದಾರಮ್ಮ’ ಎಂದರೆ, ‘ನಾವೇನು ಮಕ್ಕಳನ್ನ ಸಾಕಿಲ್ವಾ?’ ಎಂಬ ಉತ್ತರ ಬರುತ್ತದೆ. ಅಜ್ಜಿಯ ಮಾತಿನಲ್ಲಿ ಸುಳ್ಳೇನೂ ಇಲ್ಲ. ಅವರು ಸಾಕಿದ್ದು ದಿನ ತುಂಬಿದ ಮಕ್ಕಳನ್ನು, ಅಷ್ಟೆ.

37 ವಾರ ತುಂಬುವ ಮೊದಲು ಹುಟ್ಟಿದರೆ ಅದು ಅವಧಿಪೂರ್ವ ಜನನ. 2020ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು 1 ಕೋಟಿ 34 ಲಕ್ಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಅಂದಾಜು. ಅದರಲ್ಲಿ ಭಾರತದ್ದು ಸುಮಾರು 30 ಲಕ್ಷ. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ‘ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ’ ಎಂಬ ನಂಬಿಕೆ ಈಗಲೂ ಹಳ್ಳಿ, ಪೇಟೆ ಎರಡೂ ಕಡೆ ಕಿವಿಗೆ ಬೀಳುತ್ತದೆ. ಇದಕ್ಕೆ ಯಾವ ಆಧಾರವೂ ಇಲ್ಲ. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ.

ಈ ಮಕ್ಕಳ ಮೊದಲ ಕಷ್ಟ ಚಳಿ. ಚರ್ಮದಡಿಯ ಕೊಬ್ಬು ಹೊಟ್ಟೆಯೊಳಗೆ ಶೇಖರವಾಗುವುದು ಕೊನೆಯ ವಾರಗಳಲ್ಲಿ. ಅದಕ್ಕೆ ಮುಂಚೆಯೇ ಹೊರಬಂದ ಮಗುವಿನ ಮೈ ಬಿಸಿ ಬೇಗ ಸೋರಿಹೋಗುತ್ತದೆ. ಮೈ ತಣ್ಣಗಾದರೆ ಮಗು ಹಾಲು ಬಿಡುತ್ತದೆ, ಹಾಲು ಬಿಟ್ಟರೆ ಸಕ್ಕರೆಯ ಅಂಶ ಇಳಿಯುತ್ತದೆ, ಉಸಿರು ಏರುಪೇರಾಗುತ್ತದೆ. ಇದಕ್ಕೆ ಈವರೆಗೆ ಸಿಕ್ಕಿರುವ ಅತ್ಯುತ್ತಮ ಮದ್ದಿಗೆ ಕಾಸು ಖರ್ಚಿಲ್ಲ. ಅದೇ ಕಾಂಗರೂ ಆರೈಕೆ.

1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಒಂದರಲ್ಲೇ ಎರಡು ಮೂರು ಮಕ್ಕಳನ್ನು ಮಲಗಿಸುವ ಪರಿಸ್ಥಿತಿಯಿತ್ತು. ಎಡ್ಗರ್ ರೇ ಮತ್ತು ಹೆಕ್ಟರ್ ಮಾರ್ಟಿನೆಜ್ ಎಂಬ ವೈದ್ಯರು ಮಕ್ಕಳನ್ನು ತಾಯಂದಿರ ಎದೆಗೇ ಕಟ್ಟಿ ನೋಡಿದರು. ಬಡ ದೇಶದ ಅನಿವಾರ್ಯತೆ ಎಂದು ಬಹಳ ಕಾಲ ಇದನ್ನು ಮೂಗು ಮುರಿದು ನೋಡಿದವರಿದ್ದಾರೆ. ಆಮೇಲೆ ಪುರಾವೆಗಳು ಬಂದವು. ನಮ್ಮ ದೆಹಲಿಯ ಸಫ್ದರ್‌ಜಂಗ್ ಸೇರಿದಂತೆ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ಕಿಲೊದಿಂದ 1,799 ಗ್ರಾಂವರೆಗಿನ ಮಕ್ಕಳಲ್ಲಿ, ಮಗು ಸ್ಥಿರವಾಗಲೆಂದು ಕಾದು ಆಮೇಲೆ ಎದೆಗೆ ಕೊಟ್ಟ ಗುಂಪಿನಲ್ಲಿ ಶೇ 15.7ರಷ್ಟು ಮಕ್ಕಳು ಮೊದಲ 28 ದಿನದೊಳಗೆ ತೀರಿಕೊಂಡಿದ್ದರು. ಹುಟ್ಟಿದ ಕೂಡಲೇ ಎದೆಗೆ ಕೊಟ್ಟ ಗುಂಪಿನಲ್ಲಿ ಶೇ 12. ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ, ಇನ್ನು ಒಂದು ಗುಂಪನ್ನು ಕಾಯಿಸುವುದು ತಪ್ಪಾದೀತೆಂದು ಅಧ್ಯಯನವನ್ನೇ ಅವಧಿಗೆ ಮೊದಲು ನಿಲ್ಲಿಸಿದರು.

ಮನೆಗೆ ಬಂದ ಮಗುವಿನ ವಿಚಾರಕ್ಕೆ ಇನ್ನೂ ಹತ್ತಿರವಾದದ್ದು ಹರಿಯಾಣದ ಹಳ್ಳಿಗಳಲ್ಲಿ ನಡೆದು 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನ. ಕಡಿಮೆ ತೂಕದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಪೈಕಿ ಅರ್ಧದಷ್ಟು ಮನೆಗಳಿಗೆ ಕಾರ್ಯಕರ್ತೆಯರು ಹೋಗಿ ಕಾಂಗರೂ ಆರೈಕೆ ಹೇಳಿಕೊಟ್ಟರು. ಆ ಮನೆಗಳ ಮಕ್ಕಳು ಹೆಚ್ಚು ಉಳಿದರು. ನಮ್ಮಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಆರೋಗ್ಯ ಇಲಾಖೆ ಸೇರಿ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ಒಯ್ದವು. ದೊಡ್ಡ ಊರು, ದೊಡ್ಡ ಆಸ್ಪತ್ರೆ ಇದ್ದರಷ್ಟೇ ಇದು ಸಾಧ್ಯ ಎನ್ನುವವರಿಗೆ ಕೊಪ್ಪಳವೇ ಉತ್ತರ.

ಮಾಡುವುದು ಹೀಗೆ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೆ ಬಟ್ಟೆ ಬೇಡ. ತಾಯಿಯ ಎರಡು ಸ್ತನಗಳ ನಡುವೆ ನೆಟ್ಟಗೆ, ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಗಲ್ಲ ಎದೆಗೆ ಒತ್ತಿಕೊಳ್ಳದಂತೆ ನೋಡಿಕೊಂಡು, ಮೆತ್ತನೆಯ ಹತ್ತಿ ಬಟ್ಟೆಯಿಂದ ಸುತ್ತಿ ಕಟ್ಟಬೇಕು. ಮೇಲೆ ಶಾಲು ಹೊದ್ದರೆ ಮುಗಿಯಿತು. ದಿನಕ್ಕೆ 8ರಿಂದ 24 ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ಶಿಫಾರಸು. ಒಬ್ಬಳೇ ತಾಯಿಗೆ ಇದು ಆಗದ ಮಾತು. ಅದಕ್ಕೇ ಅಪ್ಪನ ಎದೆಯೂ ಬೇಕು, ಅಜ್ಜಿಯ ಎದೆಯೂ ಬೇಕು. ಅಂಗಿ ಬಿಚ್ಚಿ ಮಗುವನ್ನು ಎದೆಗಿಟ್ಟುಕೊಂಡು ಕೂರಲು ನಮ್ಮ ಗಂಡಸರು ಮೊದಲು ಸಂಕೋಚಪಡುತ್ತಾರೆ, ಅತ್ತೆಮನೆಯಲ್ಲಂತೂ ಇನ್ನೂ ಹೆಚ್ಚು. ಆ ಸಂಕೋಚಕ್ಕೆ ಒಂದು ಬಾಗಿಲು, ಒಂದು ಚಿಲಕ ಸಾಕು. ತೂಕ ಎರಡೂವರೆ ಕಿಲೊ ಮುಟ್ಟುವವರೆಗೆ, ಅಥವಾ ಮಗುವೇ ಕೊಸರಾಡಿ ಬೇಡ ಎನ್ನುವವರೆಗೆ ಇದು ನಡೆಯಲಿ.

ಎರಡನೆಯದು ಹಾಲು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಟ್ಟಿಗೆ ಹೊಂದಿಸಿಕೊಳ್ಳುವ ಜಾಣ್ಮೆ ಮಗುವಿಗೆ ಬರುವುದು 34ನೇ ವಾರದ ಹೊತ್ತಿಗೆ. ಬಂದ ಮೇಲೂ ಬೇಗ ದಣಿದು ಎದೆಯಲ್ಲೇ ನಿದ್ದೆಹೋಗುತ್ತದೆ. ಆದ್ದರಿಂದ ಅತ್ತಾಗ ಹಾಲು ಎಂಬ ಲೆಕ್ಕ ಇಲ್ಲಿ ನಡೆಯದು. ಎರಡರಿಂದ ಮೂರು ಗಂಟೆಗೊಮ್ಮೆ, ರಾತ್ರಿಯೂ, ಎಬ್ಬಿಸಿ ಕುಡಿಸಬೇಕು. ಎದೆಯಿಂದ ಸಾಕಷ್ಟು ಎಳೆಯಲಾಗದಿದ್ದರೆ ಹಾಲನ್ನು ಕೈಯಿಂದ ಹಿಂಡಿ ಒಳಲೆಯಲ್ಲಿ ಕೊಡಬಹುದು. ಆಸ್ಪತ್ರೆಯಲ್ಲಿ ಅದನ್ನೇ ಪಾಲಡೈ ಎನ್ನುತ್ತಾರೆ. ಬಾಟಲಿಯ ನಿಪ್ಪಲ್ಲಿಗಿಂತ ಇದನ್ನು ತೊಳೆದು ಕುದಿಸುವುದು ಸುಲಭ, ಸೋಂಕಿನ ಭಯವೂ ಕಡಿಮೆ. ಅಜ್ಜಿಗೆ ಒಳಲೆ ಹಿಡಿಯುವ ಹದ ಗೊತ್ತಿರುತ್ತದೆ. ಈ ವಿಷಯದಲ್ಲಿ ಅವರೇ ಗುರು. ಒಂದೇ ಎಚ್ಚರಿಕೆಯೆಂದರೆ ಮಲಗಿಸಿ ಸುರಿಯಬಾರದು. ತಲೆ ಎತ್ತರಕ್ಕಿರಲಿ, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು. ದಿನಕ್ಕೆ 20ರಿಂದ 30 ಗ್ರಾಂ ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಹೊಟ್ಟೆಯೊಳಗೆ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಬರಬೇಕಿದ್ದ ಕಬ್ಬಿಣದ ಅಂಶ ಈ ಮಕ್ಕಳಿಗೆ ಬಂದಿರುವುದಿಲ್ಲ. ಅದಕ್ಕೇ ಕಬ್ಬಿಣ, ವಿಟಮಿನ್ ಡಿ ಹನಿಗಳನ್ನು ಬರೆದುಕೊಟ್ಟಿರುತ್ತಾರೆ. ‘ಎದೆಹಾಲು ಇರುವಾಗ ಇದೆಲ್ಲ ಯಾಕೆ’ ಎಂದು ಮೊದಲು ನಿಲ್ಲಿಸುವುದೂ ಇವನ್ನೇ.

ಇನ್ನು ಉಸಿರು. ಮಿದುಳಿನಲ್ಲಿ ಉಸಿರಾಟವನ್ನು ನಡೆಸುವ ಭಾಗ ಬಲಿಯದ ಮಕ್ಕಳಿಗೆ ಆಸ್ಪತ್ರೆಯಲ್ಲಿ ಕೊಡುವ ಔಷಧ ಕೆಫೀನ್. ನಮ್ಮ ಬೆಳಗಿನ ಫಿಲ್ಟರ್ ಕಾಫಿಯಲ್ಲಿರುವುದೇ. (ಹಾಗೆಂದು ಯಾರೂ ಡಿಕಾಕ್ಷನ್ ಪ್ರಯೋಗಕ್ಕಿಳಿಯುವುದು ಬೇಡ.) ಮನೆಯಲ್ಲಿ ಮಾನಿಟರ್ ಇಲ್ಲ. ಮಗು ಐದು ಹತ್ತು ಸೆಕೆಂಡು ಉಸಿರು ಬಿಗಿಹಿಡಿದು ಆಮೇಲೆ ಬಿರಬಿರನೆ ಎಳೆದುಕೊಳ್ಳುವುದನ್ನು ನೋಡಿ ತಾಯಿ ರಾತ್ರಿಯಿಡೀ ಎದ್ದು ಕೂರುತ್ತಾಳೆ. ಇದು ಈ ವಯಸ್ಸಿನಲ್ಲಿ ಸಹಜ. 20 ಸೆಕೆಂಡಾದರೂ ಉಸಿರಾಡದಿದ್ದರೆ, ತುಟಿ ನೀಲಿಗಟ್ಟಿದರೆ, ಮೈ ಜೋತುಬಿದ್ದರೆ ಅದು ಸಹಜವಲ್ಲ. ಈ ವ್ಯತ್ಯಾಸವನ್ನು ಮನೆಗೆ ಕಳಿಸುವ ಮುನ್ನ ಬಾಯಲ್ಲಿ ಹೇಳಿದರೆ ಸಾಲದು, ಮಗುವನ್ನು ಮುಂದಿಟ್ಟುಕೊಂಡು ತೋರಿಸಬೇಕು.

ಈಗ ಬಾಣಂತನಕ್ಕೆ ಬರೋಣ. ನಮ್ಮ ಬಾಣಂತನದಲ್ಲಿ ಈ ಮಗುವಿಗೆ ಹೇಳಿ ಮಾಡಿಸಿದಂಥ ಸಂಗತಿಗಳಿವೆ. ಬೆಚ್ಚಗಿನ ಕೋಣೆ, ಗಾಳಿಗೆ ಒಡ್ಡದಿರುವುದು, ತಾಯಿಗೆ ಮನೆಗೆಲಸದಿಂದ ಬಿಡುವು, ಸಿಕ್ಕಸಿಕ್ಕವರು ಮಗುವನ್ನು ಎತ್ತಿಕೊಳ್ಳದಂತೆ ತಡೆ. ಸೋಂಕಿನ ವಿಜ್ಞಾನ ಗೊತ್ತಿಲ್ಲದ ಕಾಲದಲ್ಲೇ ನಮ್ಮ ಅಜ್ಜಿಯರು ಕಟ್ಟಿದ ಬೇಲಿ ಇದು. ಕೈ ತೊಳೆಯದೆ ಮಗುವಿನ ಹತ್ತಿರ ಬರಕೂಡದು, ನೆಗಡಿ ಕೆಮ್ಮು ಇದ್ದವರು ಹೊಸ್ತಿಲು ದಾಟಕೂಡದು ಎಂದು ಗದರಿಸುವ ಅಧಿಕಾರ ಮನೆಯಲ್ಲಿ ಅಜ್ಜಿಗಿರುವಷ್ಟು ಬೇರೆ ಯಾರಿಗೂ ಇಲ್ಲ. ತೊಟ್ಟಿಲ ಶಾಸ್ತ್ರವನ್ನು ಮೂರು ತಿಂಗಳು ಮುಂದಕ್ಕೆ ಹಾಕಿ ಎಂದು ಬೀಗರಿಗೆ ಹೇಳುವ ಧೈರ್ಯವೂ ಅವರಿಗೇ ಇರುವುದು. ಎಣ್ಣೆಯನ್ನೂ ಪೂರ್ತಿ ಬಿಡಬೇಕಾಗಿಲ್ಲ. ಕೊಬ್ಬರಿ ಎಣ್ಣೆಯನ್ನು ಮೆಲ್ಲಗೆ ಸವರುವುದರಿಂದ ತೆಳು ಚರ್ಮಕ್ಕೆ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುತ್ತದೆ.

ಬಿಡಬೇಕಾದವೂ ಇವೆ, ಮತ್ತು ಇಲ್ಲಿ ದಾಕ್ಷಿಣ್ಯ ಸಲ್ಲದು. ಕಾಲ ಮೇಲೆ ಮಲಗಿಸಿಕೊಂಡು ತಿಕ್ಕಿ ತೀಡಿ, ಹಂಡೆ ನೀರು ಎರೆಯುವ ಸ್ನಾನ ಈ ಮಗುವಿಗಲ್ಲ. ವೈದ್ಯರು ಸರಿ ಎನ್ನುವ ತೂಕ ಬರುವವರೆಗೆ ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸಾಂಬ್ರಾಣಿ ಹೊಗೆ ಹಾಕುವುದು, ಮಂಚದಡಿ ಕೆಂಡದ ಅಗ್ಗಿಷ್ಟಿಕೆ ಇಡುವುದು ಅಪಾಯ. ಎಳೆಯ ಶ್ವಾಸಕೋಶಕ್ಕೆ ಹೊಗೆ ವಿಷ. ಮುಚ್ಚಿದ ಕೋಣೆಯ ಕೆಂಡದಿಂದ ಹೊರಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಅದು ತಾಯಿ ಮಗು ಇಬ್ಬರನ್ನೂ ಕೊಲ್ಲಬಲ್ಲದು. ಬಜೆ, ಅಳಲೆಕಾಯಿ, ಜಾಯಿಕಾಯಿ ಒಂದೊಂದು ಸುತ್ತು ತೇದು ನೆಕ್ಕಿಸುವುದು, ಜೇನುತುಪ್ಪ ಸವರುವುದು, ಗ್ರೈಪ್ ವಾಟರ್ ಯಾವುದೂ ಬೇಡ. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಕಾರಣಕ್ಕೆ ವರ್ಷ ತುಂಬುವವರೆಗೂ ಯಾವ ಮಗುವಿಗೂ ಅದನ್ನು ಕೊಡುವಂತಿಲ್ಲ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು, ಹಸುಳೆಯ ಎದೆ ಹಿಂಡುವುದು ಬೇಡ. ಕಣ್ಣಿಗೆ ಕಾಡಿಗೆ ಬೇಡ. ದೃಷ್ಟಿಯ ಚಿಂತೆಯಿದ್ದರೆ ಅಂಗಾಲಿಗೊಂದು ಬೊಟ್ಟು ಇಡಿ, ಯಾವ ವೈದ್ಯರೂ ಬೇಡವೆನ್ನರು. ಸೀರೆಯಲ್ಲಿ ಕಟ್ಟಿದ ಜೋಲಿಯಲ್ಲಿ ಪುಟ್ಟ ಮಗುವಿನ ಕತ್ತು ಮುಂದಕ್ಕೆ ಬಾಗಿ ಉಸಿರಿನ ದಾರಿ ಮುಚ್ಚಬಹುದು. ಎದೆಯ ಮೇಲಿಲ್ಲದಾಗ ಮಗು ಮಲಗಬೇಕಾದದ್ದು ಸಮತಟ್ಟಾದ ಗಟ್ಟಿ ಹಾಸಿಗೆಯಲ್ಲಿ, ಬೆನ್ನ ಮೇಲೆ, ದಿಂಬಿಲ್ಲದೆ. ತಾಯಿಗೆ ನೀರು ಕೊಡದೆ, ಬರೀ ಸಾರು ಅನ್ನದ ಪಥ್ಯ ಮಾಡಿಸಿ ‘ಹಾಲು ಬರ್ತಿಲ್ಲ’ ಎಂದು ಕೊರಗುವುದಂತೂ ನಾವೇ ತಂದುಕೊಂಡ ಕಷ್ಟ.

ಇವನ್ನೆಲ್ಲ ಅಜ್ಜಿಗೆ ಹೇಳಬೇಕಾದವರು ಸೊಸೆಯಲ್ಲ, ಮಗಳೂ ಅಲ್ಲ, ಬಿಳಿಕೋಟಿನವರು. ಕೇಂದ್ರ ಸರ್ಕಾರ 2017ರಲ್ಲೇ ನವಜಾತ ಶಿಶು ಘಟಕಗಳಿಗೆ ‘ಕುಟುಂಬ ಸಹಭಾಗಿ ಆರೈಕೆ’ ಎಂಬ ಮಾರ್ಗಸೂಚಿ ಕೊಟ್ಟಿದೆ. ಮನೆಯವರನ್ನು ಒಳಗೆ ಬಿಟ್ಟು, ಕೈ ತೊಳೆಸಿ, ಗೌನು ತೊಡಿಸಿ, ಒಂದೊಂದೇ ಕೆಲಸ ಕಲಿಸಿ ಎಂಬುದು ಅದರ ತಿರುಳು. ಇಷ್ಟಾದರೂ ಬಹಳ ಕಡೆ ಆಸ್ಪತ್ರೆಯ ಪಾಠವೆಂದರೆ ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಹತ್ತು ನಿಮಿಷ ಹೇಳುವ ಮಾತು, ಕೈಗಿಡುವ ಇಂಗ್ಲಿಷ್ ಹಾಳೆ. ನನ್ನ ದೃಷ್ಟಿಯಲ್ಲಿ ಇದು ದುಬಾರಿ ಚಿಕಿತ್ಸೆ ಕೊಟ್ಟ ಮೇಲೆ ಮಾಡುವ ಅತ್ಯಂತ ಅಗ್ಗದ ಜಿಪುಣತನ.

ಆ ಹಾಳೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ: ‘ಆರ್‌ಒಪಿ ತಪಾಸಣೆ’, ಅಂದರೆ ಅವಧಿಪೂರ್ವ ಮಕ್ಕಳ ಕಣ್ಣಿನ ತಪಾಸಣೆ. ಕಣ್ಣಿನ ಒಳಪದರವಾದ ರೆಟಿನಾದ ರಕ್ತನಾಳಗಳು ಪೂರ್ತಿ ಹಬ್ಬುವುದು ದಿನ ತುಂಬುವ ಹೊತ್ತಿಗೆ. ಮೊದಲೇ ಹುಟ್ಟಿದ ಮಗುವಿನಲ್ಲಿ ಅವು ಅರ್ಧದಲ್ಲಿ ನಿಂತು, ಆಮೇಲೆ ಅಡ್ಡಾದಿಡ್ಡಿ ಬೆಳೆದು, ರೆಟಿನಾವನ್ನೇ ಎಳೆದು ಕಿತ್ತುಹಾಕಬಹುದು. ಉಸಿರಿಗೆಂದು ಕೊಟ್ಟ ಆಮ್ಲಜನಕ ಮಿತಿಮೀರಿದರೆ ಅಪಾಯ ಹೆಚ್ಚು. ಅಮೆರಿಕದ ಗಾಯಕ ಸ್ಟೀವಿ ವಂಡರ್ 1950ರಲ್ಲಿ ಆರು ವಾರ ಮೊದಲೇ ಹುಟ್ಟಿ ದೃಷ್ಟಿ ಕಳೆದುಕೊಂಡದ್ದು ಇದರಿಂದಲೇ. ಹೊರಗಿನಿಂದ ನೋಡಿದರೆ ಮಗುವಿನ ಕಣ್ಣು ಫಳಫಳ ಹೊಳೆಯುತ್ತಿರುತ್ತದೆ. ಒಳಗಿನದು ತಾಯಿಗೂ ಕಾಣದು, ಮಕ್ಕಳ ವೈದ್ಯರಿಗೂ ಕಾಣದು. ಭಾರತದಲ್ಲಿ 34 ವಾರದೊಳಗೆ ಹುಟ್ಟಿದ ಅಥವಾ ಎರಡು ಕಿಲೊಗಿಂತ ಕಡಿಮೆ ತೂಕದ ಪ್ರತಿ ಮಗುವಿಗೂ ಹುಟ್ಟಿದ 30 ದಿನದೊಳಗೆ ಮೊದಲ ತಪಾಸಣೆ ಆಗಬೇಕು. ತೀರಾ ಚಿಕ್ಕ ಮಕ್ಕಳಿಗೆ ಎರಡು ಮೂರು ವಾರದಲ್ಲೇ. ಶ್ರೀಮಂತ ದೇಶಗಳಲ್ಲಿ ಈ ಗಡಿ ಇನ್ನೂ ಕೆಳಗಿದೆ, ಆದರೆ ನಮ್ಮಲ್ಲಿ ತುಸು ದೊಡ್ಡ ಮಕ್ಕಳಿಗೂ ಈ ತೊಂದರೆ ಬರುವುದು ಕಂಡಿದೆ.

ಒಂದು ಸಲ ತೋರಿಸಿದರೆ ಮುಗಿಯುವುದಿಲ್ಲ. ರಕ್ತನಾಳ ಪೂರ್ತಿ ಬೆಳೆಯಿತು ಎಂದು ಕಣ್ಣಿನ ವೈದ್ಯರು ಬರೆದುಕೊಡುವವರೆಗೆ, ವಾರಕ್ಕೋ ಎರಡು ವಾರಕ್ಕೋ ಹೋಗುತ್ತಿರಬೇಕು. ಲೇಸರ್ ಬೇಕೆಂದು ಕಂಡುಬಂದರೆ ಎರಡು ಮೂರು ದಿನದೊಳಗೆ ಮಾಡಿಸಬೇಕು. ‘ಅಮಾವಾಸ್ಯೆ ಕಳೀಲಿ’ ಎನ್ನುವಷ್ಟು ಪುರುಸೊತ್ತು ಆ ಕಣ್ಣಿಗೆ ಇಲ್ಲ. ಈ ಕೆಲಸದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ಮುಂದಾಳತ್ವದಲ್ಲಿ 2008ರಲ್ಲಿ ಶುರುವಾದ ‘ಕಿಡ್‌ರಾಪ್’ ಯೋಜನೆಯಲ್ಲಿ, ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ ತಾಲ್ಲೂಕುಗಳ ಶಿಶು ಘಟಕಗಳಿಗೇ ಹೋಗುತ್ತಾರೆ. ತೆಗೆದ ಚಿತ್ರಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ಅಲ್ಲೇ ವಿಂಗಡಿಸುತ್ತಾರೆ, ದೂರದಲ್ಲಿ ಕೂತ ತಜ್ಞರು ಇಂಟರ್‌ನೆಟ್ಟಿನಲ್ಲಿ ನೋಡಿ ಹೇಳುತ್ತಾರೆ. ಕ್ಯಾಮೆರಾ ಜಿಲ್ಲೆಗೆ ಬಂದರೂ ಮಗುವನ್ನು ಆ ದಿನ ಅಲ್ಲಿಗೆ ತರಬೇಕಾದವರು ಮನೆಯವರೇ. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ‘ಇಷ್ಟು ಚಿಕ್ಕ ಮಗೂನ ಹೊರಗೆ ತೆಗೀಬಾರದು’ ಎಂಬ ಹಿರಿಯರ ಮಾತು ಎಲ್ಲ ಸೇರಿ ಆ ದಿನ ತಪ್ಪಿಹೋಗುತ್ತದೆ. ತಡೆಯಬಹುದಾಗಿದ್ದ ಕುರುಡು ಮನೆಗೆ ಬರುವುದು ಹೀಗೆ.

ಕಿವಿಯ ವಿಷಯವೂ ಅಷ್ಟೆ. ಎನ್‌ಐಸಿಯುವಿನಲ್ಲಿ ದಿನಗಟ್ಟಲೆ ಇದ್ದ ಮಕ್ಕಳಿಗೆ ‘ಬೆರಾ’ ಪರೀಕ್ಷೆ ಆಗಬೇಕು. ಚಪ್ಪಾಳೆಗೆ ಬೆಚ್ಚಿತು, ಕಿವಿ ಕೇಳುತ್ತೆ ಎಂಬ ಮನೆಯ ಪರೀಕ್ಷೆಯನ್ನು ನೆಚ್ಚಬೇಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕೇಂದ್ರ ನಮ್ಮಲ್ಲೇ ಇದೆ. ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಗಳಲ್ಲಿ ಬೆಳವಣಿಗೆಯ ತಪಾಸಣೆ ಉಚಿತ.

ಬೆಳವಣಿಗೆಯ ಲೆಕ್ಕದಲ್ಲಿ ಒಂದು ಗೊಂದಲವಿದೆ. 30 ವಾರಕ್ಕೆ ಹುಟ್ಟಿದ ಮಗುವಿಗೆ ಕ್ಯಾಲೆಂಡರಿನಲ್ಲಿ ಆರು ತಿಂಗಳಾದಾಗ, ಮುಂಚಿತವಾಗಿ ಬಂದ ಹತ್ತು ವಾರ ಕಳೆದು ನೋಡಬೇಕು. ಅದರ ಸರಿಪಡಿಸಿದ ವಯಸ್ಸು ಮೂರೂವರೆ ತಿಂಗಳ ಆಸುಪಾಸು. ಕತ್ತು ನಿಲ್ಲುವುದು, ಮಗುಚುವುದು, ಕೂರುವುದು ಎಲ್ಲವನ್ನೂ ಎರಡು ವರ್ಷದವರೆಗೆ ಈ ಲೆಕ್ಕದಲ್ಲೇ ಅಳೆಯುತ್ತಾರೆ. ‘ನಮ್ಮ ಮೊಮ್ಮಗ ಇಷ್ಟೊತ್ತಿಗೆ ಅಂಬೆಗಾಲಿಡ್ತಿದ್ದ’ ಎನ್ನುವ ನೆಂಟರಿಗೆ ಉತ್ತರ ಕೊಡಲೇಬೇಕೆಂದೇನಿಲ್ಲ. ಲಸಿಕೆಗೆ ಮಾತ್ರ ಈ ರಿಯಾಯಿತಿ ಇಲ್ಲ. ಅದು ಹುಟ್ಟಿದ ದಿನದ ಲೆಕ್ಕದಲ್ಲೇ, ಆರು, ಹತ್ತು, ಹದಿನಾಲ್ಕು ವಾರಕ್ಕೆ ಸರಿಯಾಗಿ ತಾಯಿ ಕಾರ್ಡಿನಲ್ಲಿ ಬರೆದಂತೆ ಆಗಬೇಕು.

ಎಲ್ಲರ ಕಣ್ಣೂ ಮಗುವಿನ ಮೇಲಿರುವಾಗ ತಾಯಿಯನ್ನು ಯಾರೂ ನೋಡುವುದಿಲ್ಲ. ಬಸಿರು ಅರ್ಧಕ್ಕೇ ಮುಗಿದದ್ದು ತನ್ನಿಂದಲೇ ಎಂಬ ಅಪರಾಧ ಭಾವ, ‘ಭಾರ ಎತ್ತಿದ್ಯಾ, ಪಪಾಯ ತಿಂದಿದ್ಯಾ’ ಎಂಬ ವಿಚಾರಣೆ, ನಿದ್ದೆಯಿಲ್ಲದ ರಾತ್ರಿಗಳು. ಕಾರಣವಿಲ್ಲದ ಅಳು, ಮಗುವಿನ ಬಗ್ಗೆ ನಿರಾಸಕ್ತಿ ಎರಡು ವಾರ ದಾಟಿದರೆ ಅದು ಚಿಕಿತ್ಸೆ ಇರುವ ಕಾಯಿಲೆ. ಟೆಲಿಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ಘಟಕವೂ ಇದೆ. ಕೆಲಸಕ್ಕೆ ಹೋಗುವವರಿಗೆ ಇನ್ನೊಂದು ಸಂಗತಿ. 26 ವಾರದ ಹೆರಿಗೆ ರಜೆಯಲ್ಲಿ ದೊಡ್ಡ ಪಾಲು ಎನ್‌ಐಸಿಯು ಹೊರಗಿನ ಬೆಂಚಿನ ಮೇಲೇ ಕರಗಿರುತ್ತದೆ. ಅವಧಿಪೂರ್ವ ಹೆರಿಗೆಯಿಂದ ತಾಯಿಗೆ ಅನಾರೋಗ್ಯವಾದರೆ ಇನ್ನೊಂದು ತಿಂಗಳವರೆಗೆ ಸಂಬಳ ಸಹಿತ ರಜೆಗೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಅವಕಾಶ ಕಲ್ಪಿಸಲಾಗಿತ್ತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕೇಳಿದವರು ಕಡಿಮೆ. ಮಗುವಿಗಾಗಿಯೇ ಹೆಚ್ಚುವರಿ ರಜೆ ಕೊಡುವ ಕಾನೂನು ಬರಬೇಕು.

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ಭೇಟಿ ಕೊಟ್ಟು ತೂಕ, ಮೈ ಬಿಸಿ ನೋಡುವುದು ಸರ್ಕಾರದ ಕಾರ್ಯಕ್ರಮದ ಭಾಗ. ಮಗು ಬಂದ ದಿನವೇ ಅವರಿಗೆ ಸುದ್ದಿ ಮುಟ್ಟಿಸಿ. ಖಾಸಗಿ ಆಸ್ಪತ್ರೆಯಿಂದ ಬಂದ ಮಗುವಿನ ವಿಷಯ ಅವರಿಗೆ ತಾನಾಗಿ ಗೊತ್ತಾಗುವುದಿಲ್ಲ. ಹಾಲು ಬಿಟ್ಟರೆ, ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಪಕ್ಕೆ ಒಳಸೆಳೆದರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲೆಂದು ಕಾಯಬೇಡಿ. ಮಗುವನ್ನು ಎದೆಗೆ ಕಟ್ಟಿಕೊಂಡೇ 108ಕ್ಕೆ ಕರೆ ಮಾಡಿ ಹೊರಡಿ. ಮಗುವಿಗೆ ವರ್ಷ ತುಂಬುವವರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧ, ಸಾಗಾಟ ಉಚಿತ. ಹೋಗುವಾಗ ಡಿಸ್ಚಾರ್ಜ್ ಫೈಲು ಜೊತೆಗಿರಲಿ. ಅದನ್ನು ಬೀರುವಿನೊಳಗೆ ಜೋಪಾನ ಮಾಡಬೇಡಿ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ. ಕಣ್ಣಿನ ತಪಾಸಣೆಯ ಮುಂದಿನ ತಾರೀಖನ್ನು ಅದರ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದಿಡಿ.